ಬೀಳುವ ಹಲ್ಲಲ್ವಾ?

ರಾತ್ರಿ ಎರಡೂವರೆಗೆ ಮಗಳು ಎದ್ದು ಕೂತು ಅಳತೊಡಗಿದಳು. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಕರೆಂಟ್ ಇಲ್ಲ. ಅವಳು ಕೈ ಇಟ್ಟುಕೊಂಡಿದ್ದದ್ದು ಕಿವಿಯ ಕೆಳಗೆ. ಹಾಗಾಗಿ ಕಿವಿನೋವು ಅಂತಲೇ ಅಂದುಕೊಂಡೆವು. ಅಮ್ಮ ಎದ್ದು ಬಂದು ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಲು ಹೊರಟರು. ನನಗೆ ಏನನ್ನಿಸಿತೋ, ಮೊಬೈಲ್ ಟಾರ್ಚ್ ಹಾಕಿ "ಬಾಯಿ ಬಿಡು ಮಗಾ" ಅಂದೆ.

ಕೆಳಗೆ ಬಲಗಡೆ, ದವಡೆಯ ಮೊದಲ ಹಲ್ಲಿನ ನಡುವೆ ಒಂದು ಹೊಂಡ. ಕಂದು ಬಣ್ಣ. ಅದರೊಳಗೆ ರಾತ್ರಿ ಊಟದ ಒಂದು ಅನ್ನದ ಅಗುಳು ಕೂತಿತ್ತು.

ಆಗ ಅವಳಿಗೆ ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿತ್ತು. ದಿನಾ ಬೆಳಗ್ಗೆ ಬ್ರಷ್ ಮಾಡುತ್ತಿದ್ದಳು, ಅದೂ ತಾನೇ. "ನಾನೇ, ನಾನೇ" ಅಂತ ಹಟ ಮಾಡಿ, ಬೇಸಿನ್ ಮುಂದೆ ಸ್ಟೂಲ್ ಹಾಕಿ ನಿಂತು, ಮುಂದಿನ ನಾಲ್ಕು ಹಲ್ಲು ಉಜ್ಜಿ, ಅರ್ಧ ಪೇಸ್ಟ್ ನುಂಗಿ ಮುಗಿಸುತ್ತಿದ್ದಳು. ನಾವು ಪಕ್ಕದಲ್ಲಿ ನಿಂತು "ಹುಷಾರು ಮಗಳು" ಅಂತ ಹೊಗಳುತ್ತಿದ್ದೆವು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವಳ ಕೆನ್ನೆ ಸರಿಸಿ ಹಿಂದಿನ ಹಲ್ಲು ನೋಡಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಓಡಿದೆವು. ಅಲ್ಲಿ ಆದದ್ದನ್ನು ಜಾಸ್ತಿ ಎಳೆಯುವುದಿಲ್ಲ. ಅವಳ ಕೈಕಾಲು ನಾವಿಬ್ಬರೂ ಹಿಡಿದುಕೊಂಡೆವು, ಡಾಕ್ಟರು ಬಾಯಿಗೆ ಕನ್ನಡಿ ಹಾಕಿದರು, ಅವಳು ಅವರ ಬೆರಳು ಕಚ್ಚಿದಳು. "ಬೀಳುವ ಹಲ್ಲಲ್ವಾ, ಬಿಡಿ. ನೋವು ಬಂದ್ರೆ ಇದು ಕೊಡಿ" ಅಂತ ಸಿರಪ್ ಬರೆದುಕೊಟ್ಟರು. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನಮಗೂ ಸಮಾಧಾನವೇ ಆಯಿತು. ಅಮ್ಮನಂತೂ "ನಾನು ಹೇಳ್ಲಿಲ್ವಾ? ನಿನ್ನ ಹಾಲುಹಲ್ಲು ಪೂರಾ ಹುಳ ತಿಂದಿತ್ತು. ಈಗ ಎಂತ ಆಗಿದೆ ನಿಂಗೆ?" ಅಂದರು. ನನಗೆ ಈಗ ಎರಡು ರೂಟ್ ಕೆನಾಲ್ ಆಗಿದೆ. ಆದರೆ ಅದನ್ನು ಆ ಹೊತ್ತಿನಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಹಲ್ಲಿನ ಬುಡದಲ್ಲಿ, ವಸಡಿನ ಮೇಲೆ, ಅಕ್ಕಿಕಾಳಿನಷ್ಟು ದೊಡ್ಡ ಕುರು ಎದ್ದಿತು. ವಿಚಿತ್ರ ಅಂದರೆ ನೋವು ನಿಂತುಹೋಗಿತ್ತು. ನಾವು ವಾಸಿಯಾಯಿತು ಅಂತ ಖುಷಿಪಟ್ಟಿದ್ದೆವು. ಹಲ್ಲಿನ ನರ ಸತ್ತಿದೆ, ಕೀವು ಹೊರಗೆ ಬರಲು ದಾರಿ ಮಾಡಿಕೊಂಡಿದೆ, ಅದಕ್ಕೇ ನೋವಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಹಲ್ಲಿನ ಡಾಕ್ಟರುಗಳಿಗೆ ಬರವಿಲ್ಲ ಮಾರಾಯ್ರೆ. ಮಣಿಪಾಲದ ಡೆಂಟಲ್ ಕಾಲೇಜು 1965ರದ್ದು, ಅವರದ್ದೇ ಮಂಗಳೂರಿನ ಕಾಲೇಜು 1987ರದ್ದು, ದೇರಳಕಟ್ಟೆ ಕಡೆ ಹೋದರೆ ಇನ್ನೂ ಉಂಟು. ದೂರದೂರದಿಂದ ಮಕ್ಕಳು ಹಲ್ಲಿನ ಓದಿಗೆ ಅಂತ ಇಲ್ಲಿಗೆ ಬರುತ್ತಾರೆ. ನಾವು ಮಾತ್ರ ಇಲ್ಲೇ ಇದ್ದುಕೊಂಡು ಮಗಳನ್ನು ಒಮ್ಮೆಯೂ ತೋರಿಸಿರಲಿಲ್ಲ. ಮೊದಲ ಹಲ್ಲು ಬಂದ ಮೇಲೆ, ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಬೇಕಂತೆ. ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟುಕೊಂಡಿರುವ ನಮಗೆ ಇದೊಂದು ಗೊತ್ತೇ ಇರಲಿಲ್ಲ.

ಆಫೀಸಿನ ಗೆಳೆಯನೊಬ್ಬ ಹೇಳಿದ್ದರಿಂದ ದೇರಳಕಟ್ಟೆ ಕಡೆಯ ಒಂದು ಕಾಲೇಜು ಆಸ್ಪತ್ರೆಗೆ ಹೊರಟೆವು. ಕಾವೂರಿನಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಅಲ್ಲಿ ಬಸ್ ಬದಲಿಸಿ, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಮೇಲೆ ದೇರಳಕಟ್ಟೆ. ಅಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಉಂಟು. ಚೀಟಿ ಮಾಡಿಸಿ ಒಂದೂವರೆ ಗಂಟೆ ಕಾದೆವು. ಕಾಲೇಜು ಆಸ್ಪತ್ರೆಯಲ್ಲಿ ದುಡ್ಡು ಕಡಿಮೆ, ಸಮಯ ಜಾಸ್ತಿ. ಇದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು.

ನೋಡಿದ್ದು ಪಿಜಿ ಓದುತ್ತಿದ್ದ ಒಬ್ಬ ಹುಡುಗಿ. ಕೇರಳದ ಕಡೆಯವರು. ಕನ್ನಡ ಅಷ್ಟಕ್ಕಷ್ಟೆ. ಮಗಳನ್ನು ಕುರ್ಚಿಗೆ ಹತ್ತಿಸಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ಎದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿದರು. ಮಗಳು ನನ್ನ ಕಡೆ ಮುಖ ಮಾಡಿ ನನ್ನ ಸೊಂಟದ ಎರಡು ಬದಿಗೆ ಕಾಲು ಹಾಕಿ ಕೂತಳು. ಹಾಗೇ ನಿಧಾನವಾಗಿ ಹಿಂದಕ್ಕೆ ಮಲಗಿಸಿದಾಗ ತಲೆ ಡಾಕ್ಟರ ಮಡಿಲಿಗೆ ಬಂತು. ಕೈ ನನ್ನ ಕೈಯಲ್ಲೇ, ಮುಖ ನನ್ನ ಕಡೆಗೇ. ಆಮೇಲೆ ಡಾಕ್ಟರು ಬೆರಳಿನಲ್ಲಿ ಹಲ್ಲು ಮುಟ್ಟುತ್ತಾ ಎಣಿಸಿದರು: "ಒಂಜಿ, ರಡ್ಡ್, ಮೂಜಿ, ನಾಲ್, ಐನ್..."

ಮಗಳು ಬಾಯಿ ತೆರೆದುಕೊಂಡೇ ನಕ್ಕಳು. ಅಜ್ಜಿ ಮನೆಯಲ್ಲಿ ಎಣಿಸುವುದೂ ಹೀಗೇ ಅಲ್ವಾ. ಮಕ್ಕಳು ಬಾಯಿ ಬಿಡಲಿ ಅಂತಲೇ ಇಪ್ಪತ್ತರವರೆಗೆ ತುಳು ಕಲಿತದ್ದಂತೆ. ಹಾಲುಹಲ್ಲು ಇರುವುದೇ ಇಪ್ಪತ್ತು, ಅದಕ್ಕಿಂತ ಮುಂದೆ ಬೇಡ ಅಂದರು.

ಇಪ್ಪತ್ತರಲ್ಲಿ ಎಂಟು ಹುಳುಕು. ನನಗೆ ಎದೆ ಧಸಕ್ ಅಂತು. ಡಾಕ್ಟರು ಬೈಯಲಿಲ್ಲ. ಮಗಳ ಕೆಳತುಟಿ ಸರಿಸಿ, "ಈ ನಾಲ್ಕು ನೋಡಿ" ಅಂದರು. ಕೆಳಗಿನ ಮುಂದಿನ ನಾಲ್ಕು ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಚೊಕ್ಕ. ಮೇಲಿನ ನಾಲ್ಕರಲ್ಲಿ ಎರಡಕ್ಕೆ ವಸಡಿನ ಹತ್ತಿರ ಸುಣ್ಣದ ಗೆರೆ ಎಳೆದಂತೆ ಬಿಳಿ, ಉಳಿದೆರಡಕ್ಕೆ ಅಲ್ಲೇ ಕಂದು ಗುಳಿ. ಆಮೇಲೆ ಮೇಲೆ ಕೆಳಗೆ, ಎಡ ಬಲ, ದವಡೆಯ ಮೊದಲ ಹಲ್ಲು ನಾಲ್ಕೂ. "ರಾತ್ರಿ ಬಾಟಲಿ ಕೊಡ್ತೀರಾ?"

ಕೊಡುತ್ತಿದ್ದವನು ನಾನೇ. ಹೆಂಡತಿ ಟೀಚರ್, ಬೆಳಗ್ಗೆ ಬೇಗ ಏಳಬೇಕು. ಹಾಗಾಗಿ ಮಲಗಿಸುವ ಕೆಲಸ ನನ್ನದು. ಒಂದು ಬಾಟಲಿ ಹಾಲು, ಒಂದು ಚಮಚ ಸಕ್ಕರೆ. ಬಾಯಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ. ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿರಲಿಲ್ಲ. ಮೂರು ತುಂಬಿದ ಮೇಲೂ ಬಿಡಿಸಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳುತ್ತಿರಲಿಲ್ಲ. ಈಗ ಅಪರಿಚಿತ ಹುಡುಗಿಯೊಬ್ಬರು ಬಾಯಿ ನೋಡಿಯೇ ಹೇಳಿಬಿಟ್ಟರು.

ಬಾಟಲಿ ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಂಡಿರುತ್ತದೆ, ಜೊಲ್ಲೂ ಅಲ್ಲೇ ಹರಿಯುತ್ತದೆ. ಹಾಗಾಗಿ ಅವು ಉಳಿಯುತ್ತವೆ. ಹಾಲು ನಿಲ್ಲುವುದು ಮೇಲಿನ ಹಲ್ಲುಗಳ ಸುತ್ತ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಆ ಸಿಹಿಯನ್ನು ತಿಂದು ಹುಳಿ ಮಾಡುತ್ತದೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಹಾಲುಹಲ್ಲಿನ ಹೊರಪದರ, ಅಂದರೆ ಎನಾಮಲ್, ತೆಳು, ಒಳಗೆ ನರದ ಜಾಗ ದೊಡ್ಡದು. ದೊಡ್ಡವರ ಹಲ್ಲಿಗಿಂತ ಬೇಗ ಒಳಗೆ ಇಳಿಯುತ್ತದೆ. ಬಿಳಿ ಗೆರೆ ಇರುವಾಗಲೇ ಕಂಡಿದ್ದರೆ ಫ್ಲೋರೈಡ್ ಹಚ್ಚಿ ಅಲ್ಲೇ ನಿಲ್ಲಿಸಬಹುದಿತ್ತಂತೆ. ಆ ಗೆರೆ ನಾನು ನೋಡಿದ್ದೆ. ಹಾಲು ಮೆತ್ತಿಕೊಂಡಿದೆ ಅಂದುಕೊಂಡಿದ್ದೆ.

"ಆದ್ರೆ ಇದು ಬೀಳುವ ಹಲ್ಲಲ್ವಾ ಡಾಕ್ಟ್ರೆ?" ಅಂತ ಹೆಂಡತಿ ಕೇಳಿಯೇಬಿಟ್ಟಳು.

ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ದವಡೆಯವು ಬೀಳುವುದು ಹತ್ತು ಹನ್ನೊಂದಕ್ಕೆ. ಅಲ್ಲಿವರೆಗೆ ಅಗಿಯಬೇಕು, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಕಾದಿಡಬೇಕು. ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಹೊಸದು ಸೊಟ್ಟ ಬರುತ್ತದೆ. "ಬಸ್ಸಿನಲ್ಲಿ ಟವೆಲ್ ಹಾಕಿ ಸೀಟ್ ಹಿಡೀತೀರಲ್ಲ, ಹಾಗೆ" ಅಂದರು. ಸ್ಟೇಟ್ ಬ್ಯಾಂಕಿನಲ್ಲಿ ಬಸ್ ಹತ್ತಿ ಬಂದವರಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಮೊದಲ ದಿನ ಎಕ್ಸ್‌ರೇ ಬಿಟ್ಟರೆ ಏನೂ ಮಾಡಲಿಲ್ಲ. ಎರಡನೇ ದಿನವೂ ಬರೀ ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ಆಡಿಸಿದರು. ಗಾಳಿ ಬಿಡುವ ಪೈಪನ್ನು ಮೊದಲು ಅವಳ ಉಗುರಿಗೆ, ಆಮೇಲೆ ಹಲ್ಲಿಗೆ ಬಿಟ್ಟರು. ನೀರೆಳೆಯುವ ನಳಿಗೆಗೆ ಆನೆ ಸೊಂಡಿಲು ಅಂತ ಹೆಸರು. ಮನೆಗೆ ಬಂದಾಗ ಅಪ್ಪ, "ರಜೆ ಹಾಕಿ ಹೋಗಿ ಕುರ್ಚಿ ಆಟ ಆಡಿ ಬಂದ್ರಾ?" ಅಂತ ಕೇಳಿದರು. ನನಗೂ ಒಳಗೊಳಗೇ ಸಿಟ್ಟಿತ್ತು. ಮೂರನೇ ದಿನ ಅವಳು ನನ್ನ ಕೈ ಬಿಡಿಸಿಕೊಂಡು ತಾನೇ ಕುರ್ಚಿ ಹತ್ತಿದಾಗ ಆ ಎರಡು ರಜೆ ಎಲ್ಲಿಗೆ ಹೋಯಿತು ಅಂತ ಗೊತ್ತಾಯಿತು.

ಅವತ್ತೇ ಬಲಗಡೆಯ ಕುರು ಎದ್ದ ಹಲ್ಲಿಗೆ ರೂಟ್ ಕೆನಾಲ್. ಹಾಲುಹಲ್ಲಿಗೂ ರೂಟ್ ಕೆನಾಲ್ ಉಂಟು, ಅದಕ್ಕೆ ಪಲ್ಪೆಕ್ಟಮಿ ಅನ್ನುತ್ತಾರೆ. ವಸಡಿಗೆ ಸ್ಟ್ರಾಬೆರಿ ವಾಸನೆಯ ಜೆಲ್ ಹಚ್ಚಿ, ಅದು ಜೋಮು ಹಿಡಿದ ಮೇಲೆ ಇಂಜೆಕ್ಷನ್. ಸೂಜಿ ಅವಳ ಕಣ್ಣಿಗೆ ಬೀಳದ ಹಾಗೆ ಗದ್ದದ ಕೆಳಗಿನಿಂದ ತಂದರು. "ಹಲ್ಲಿಗೆ ನಿದ್ದೆ ಬರ್ತಾ ಉಂಟು" ಅಂದರು, ಇಂಜೆಕ್ಷನ್ ಅನ್ನುವ ಪದ ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಒಂದು ಸಲ "ಆಂ" ಅಂದಳು, ಅಷ್ಟೆ. ಆಮೇಲೆ ಹಲ್ಲಿನ ಸುತ್ತ ತೆಳ್ಳಗಿನ ರಬ್ಬರ್ ಹಾಳೆ ಕಟ್ಟಿದರು. ಅದು ಹಲ್ಲಿನ ರೈನ್‌ಕೋಟ್. ಹೊರಗೆ ಆ ಪರಿ ಮಳೆ ಇದ್ದದ್ದಕ್ಕೆ ಅವಳಿಗೆ ಅದು ತೀರಾ ಸಹಜ ಅನ್ನಿಸಿರಬೇಕು. ಸಣ್ಣ ಸಣ್ಣ ಸೂಜಿಯಂಥ ಫೈಲುಗಳಿಂದ ಒಳಗೆ ಚೊಕ್ಕ ಮಾಡಿ, ಒಂದು ಹಳದಿ ಪೇಸ್ಟ್ ತುಂಬಿದರು. ದೊಡ್ಡವರಿಗೆ ತುಂಬುವ ವಸ್ತು ಇದಕ್ಕೆ ಆಗುವುದಿಲ್ಲ. ಹಾಲುಹಲ್ಲಿನ ಬೇರು ಮುಂದೆ ತಾನೇ ಕರಗಬೇಕಲ್ಲ, ಅದರ ಜೊತೆ ಪೇಸ್ಟೂ ಕರಗಬೇಕು.

ಇಷ್ಟು ಚೆನ್ನಾಗಿ ನಡೆದದ್ದನ್ನು ಹಾಳು ಮಾಡಿದ್ದು ನಾನು. ತುಟಿ ಎರಡು ಮೂರು ಗಂಟೆ ಜೋಮು ಇರುತ್ತದೆ, ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ ಅಂತ ಎರಡು ಸಲ ಹೇಳಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅವಳು ಕಿಟಕಿ ಕಡೆ ಕೂತಳು, ನನಗೆ ತೂಕಡಿಕೆ ಬಂತು. ನೇತ್ರಾವತಿ ಸೇತುವೆ ಬಂದಾಗ ಕಣ್ಣು ಬಿಟ್ಟೆ. ಅವಳು ಹೊಳೆ ನೋಡುತ್ತಾ ತನ್ನ ಕೆಳತುಟಿಯನ್ನು ಚೂಯಿಂಗ್ ಗಮ್ ಹಾಗೆ ಜಗಿಯುತ್ತಿದ್ದಳು. ನೋವೇ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಅದೊಂದು ಆಟ. ಬೆಳಗ್ಗೆ ತುಟಿ ಊದಿಕೊಂಡು, ನಡುವೆ ಬಿಳಿ ಪೊರೆ ಬಂದಿತ್ತು. ಕೀವು ಅಂತ ಹೆದರಿ ಫೋನ್ ಮಾಡಿದೆ. ಕೀವಲ್ಲ, ಕಚ್ಚಿದ ಗಾಯ, ತಣ್ಣಗಿನದು ಕೊಡಿ, ಖಾರ ಬೇಡ, ವಾರದಲ್ಲಿ ಹೋಗುತ್ತದೆ ಅಂದರು. ಹೋಯಿತು. ಮುಂದಿನ ಸಲದಿಂದ ಬಸ್ಸಿನಲ್ಲಿ ನಿದ್ದೆ ಬಾರದ ಹಾಗೆ ಕತೆ ಹೇಳಿಕೊಂಡು ಬಂದೆ.

ಮುಂದಿನ ವಾರ ಅದೇ ಹಲ್ಲಿಗೆ ಕ್ಯಾಪ್. ಸ್ಟೀಲಿನದ್ದು. ಒಂದು ಡಬ್ಬಿಯಲ್ಲಿ ನಂಬರ್ ಹಾಕಿದ ಸಣ್ಣ ಸಣ್ಣ ಟೋಪಿಗಳು, ಬಳೆ ಅಂಗಡಿಯಲ್ಲಿ ಅಳತೆ ನೋಡಿದ ಹಾಗೆ ಒಂದೊಂದೇ ಹಾಕಿ ನೋಡಿದರು. ಸರಿಯಾದದ್ದು ಟಿಕ್ ಅಂತ ಕೂತಿತು. ಎಡಗಡೆಯ ಹಲ್ಲಿನಲ್ಲಿ ಹುಳುಕು ನರ ಮುಟ್ಟಿರಲಿಲ್ಲ. ಅದಕ್ಕೆ ಇಂಜೆಕ್ಷನ್ನೂ ಇಲ್ಲ, ಕೊರೆಯುವುದೂ ಇಲ್ಲ, ಸೀದಾ ಕ್ಯಾಪ್ ಒಳಗೆ ಸಿಮೆಂಟ್ ಹಾಕಿ ಒತ್ತಿ ಮುಚ್ಚಿಬಿಟ್ಟರು. ಒಳಗಿನ ಹುಳುಕಿಗೆ ಆಹಾರ ಸಿಗದೆ ಅಲ್ಲೇ ನಿಲ್ಲುತ್ತದೆ, ಹಾಲ್ (Hall) ವಿಧಾನ ಅಂತ ಹೆಸರು. ನನಗೆ ನಂಬಿಕೆ ಬರಲಿಲ್ಲ. ಎರಡು ವರ್ಷ ಆಗುತ್ತಾ ಬಂತು, ಏನೂ ಆಗಿಲ್ಲ.

ಅಮ್ಮನಿಗೆ ಮಾತ್ರ ಸಂಕಟ. "ಹೆಣ್ಣು ಮಗುವಿನ ಬಾಯಲ್ಲಿ ತಗಡು ಕೂರಿಸಿ ತಂದಿದ್ದೀರಲ್ಲ!" ತಗಡಲ್ಲಮ್ಮ, ಇಂಗ್ಲಿಷಿನಲ್ಲಿ ಕ್ರೌನ್ ಅನ್ನುತ್ತಾರೆ, ಅಂದರೆ ಕಿರೀಟ ಅಂದೆ. ಅದು ಮಗಳ ಕಿವಿಗೆ ಬಿತ್ತು. ಮರುದಿನದಿಂದ ಮನೆಗೆ ಬಂದವರಿಗೆಲ್ಲ ಬಾಯಿ ಅಗಲಿಸಿ ತೋರಿಸಿ, "ನಂಗೆ ಎರಡು ಕಿರೀಟ ಉಂಟು, ಯಕ್ಷಗಾನದ್ದು" ಅನ್ನುತ್ತಿದ್ದಳು. ಎಲ್‌ಕೆಜಿಯಲ್ಲಿ ಇನ್ನೊಂದು ಮಗು ತನಗೂ ಬೇಕು ಅಂತ ಅತ್ತಿತಂತೆ.

ಮೇಲಿನ ದವಡೆಯ ಎರಡಕ್ಕೆ ಬೇರೆ ಮದ್ದು, ಸಿಲ್ವರ್ ಡೈಅಮೀನ್ ಫ್ಲೋರೈಡ್. ಸಣ್ಣ ಬ್ರಷ್‌ನಿಂದ ಒಂದು ಹನಿ ಹಚ್ಚುವುದು, ಹುಳುಕು ಗಟ್ಟಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಹುಳುಕಿನ ಜಾಗ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಹಿಂದೆ ಕಾಣುವುದಿಲ್ಲ, ಪರವಾಗಿಲ್ಲ ಅಂತ ಒಪ್ಪಿದೆವು. ಮುಂದಿನ ಎರಡು ಗುಳಿಗೆ ಬಿಳಿ ಫಿಲ್ಲಿಂಗ್ ಮಾಡಿಸಿದೆವು. ಆ ಸಿಲ್ವರ್ ಮದ್ದು ಹಚ್ಚುವಾಗ ಅವಳು ಸೀನಿದಳು, ಒಂದು ಚೂರು ಮದ್ದು ತುಟಿಯ ಪಕ್ಕ ಕೆನ್ನೆಗೆ ತಾಗಿತು. ಮನೆ ಮುಟ್ಟುವಷ್ಟರಲ್ಲಿ ಅಲ್ಲೊಂದು ಕಪ್ಪು ಚುಕ್ಕೆ. ಸೋಪಿಗೂ ಹೋಗಲಿಲ್ಲ, ಎಣ್ಣೆಗೂ ಹೋಗಲಿಲ್ಲ, ಚರ್ಮ ಸವೆದು ತಾನೇ ಹೋಗಲು ಹತ್ತು ದಿನ ಹಿಡಿಯಿತು. ಅಮ್ಮ ಮೊದಲ ಬಾರಿ ಈ ಚಿಕಿತ್ಸೆಯಲ್ಲಿ ಒಂದು ಒಳ್ಳೆಯ ಅಂಶ ಕಂಡರು: "ದೃಷ್ಟಿ ಬೊಟ್ಟು ಇಡುವ ಕೆಲಸ ತಪ್ಪಿತು."

ಒಟ್ಟು ಏಳು ಸಲ ಹೋದೆವು. ಆದರೆ ಕಷ್ಟದ ಕೆಲಸ ಇದ್ದದ್ದು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ.

ಬಾಟಲಿ ಒಂದೇ ಸಲ ಕಿತ್ತುಕೊಳ್ಳಬೇಡಿ ಅಂದಿದ್ದರು. ಮೊದಲು ಸಕ್ಕರೆ ನಿಲ್ಲಿಸಿದೆ. ಆಮೇಲೆ ಎರಡು ದಿನಕ್ಕೊಮ್ಮೆ ಹಾಲು ಸ್ವಲ್ಪ ಕಡಿಮೆ, ನೀರು ಸ್ವಲ್ಪ ಜಾಸ್ತಿ. ಹತ್ತು ಹನ್ನೆರಡು ದಿನಕ್ಕೆ ಬರೀ ನೀರು. "ಪಪ್ಪ, ಇದು ಬೇಡ" ಅಂತ ಅವಳೇ ಬಾಟಲಿ ಎಸೆದಳು. ಮಧ್ಯದ ನಾಲ್ಕೈದು ರಾತ್ರಿ ನಿದ್ದೆ ಯಾರಿಗೂ ಇರಲಿಲ್ಲ. ಪಕ್ಕದ ಮನೆಯವರೂ ಬೆಳಗ್ಗೆ ವಿಚಾರಿಸಿದರು.

ಪೇಸ್ಟ್ ವಿಷಯದಲ್ಲಿ ಜಗಳವೇ ಆಯಿತು. ಹೆಂಡತಿಯ ಊರು ಪಾವಗಡದ ಕಡೆ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ಮಾವನ ಹಲ್ಲಿನ ಮೇಲೆ ಚಿಕ್ಕಂದಿನಿಂದಲೂ ಕಂದು ಪಟ್ಟೆ. ಫ್ಲೋರೈಡ್ ಅಂದರೆ ಅವಳಿಗೆ ವಿಷವೇ. ಅದಕ್ಕೇ ಹುಡುಕಿ ಹುಡುಕಿ ಫ್ಲೋರೈಡ್ ಇಲ್ಲದ, ಮೊಲದ ಚಿತ್ರದ ಜೆಲ್ ತರುತ್ತಿದ್ದಳು. ಡಾಕ್ಟರು ಅವಳ ಹೆದರಿಕೆಯನ್ನು ತಳ್ಳಿಹಾಕಲಿಲ್ಲ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ವರ್ಷಗಟ್ಟಲೆ ಅಂಥ ನೀರು ಕುಡಿದರೆ ಹಾಗಾಗುವುದು ನಿಜ. ಆದರೆ ಕರಾವಳಿಯ ಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದೇ ತೀರಾ ಕಡಿಮೆ. ಇಲ್ಲಿ ಹಲ್ಲಿಗೆ ಅದು ಪೇಸ್ಟಿನಿಂದಲೇ ಸಿಗಬೇಕು. ಟ್ಯೂಬಿನ ಹಿಂದೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಪಾಲು) ಅಂತ ಇದೆಯಾ ನೋಡಿ, ಅಳತೆ ಮೀರಬೇಡಿ: ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಹಚ್ಚಿದ್ದೂ ಹೋಗುತ್ತದೆ. ಟಿವಿ ಜಾಹೀರಾತಿನಲ್ಲಿ ಬ್ರಷ್‌ನ ಉದ್ದಕ್ಕೂ ಅಲೆಅಲೆಯಾಗಿ ಪೇಸ್ಟ್ ಹಾಕುತ್ತಾರಲ್ಲ, ಅದನ್ನು ನೋಡಿ ಕಲಿತವರು ನಾವೆಲ್ಲ.

ಅಮ್ಮನ ಕಲ್ಲುಸಕ್ಕರೆ ಡಬ್ಬಿ ಇನ್ನೊಂದು ಕತೆ. ಊಟ ಮಾಡಿದರೆ ಒಂದು ತುಂಡು, ಹೇಳಿದ ಮಾತು ಕೇಳಿದರೆ ಒಂದು, ಬಿದ್ದು ಅತ್ತರೆ ಒಂದು. ಕೆನ್ನೆಯೊಳಗೆ ಇಟ್ಟುಕೊಂಡು ಚೀಪುತ್ತಾ ದಿನ ಕಳೆಯುತ್ತಿದ್ದಳು. "ಚಾಕಲೇಟ್ ಕೊಡುವುದಿಲ್ಲ ನಾವು, ಕಲ್ಲುಸಕ್ಕರೆ ತಂಪು" ಅನ್ನುವುದು ಅಮ್ಮನ ವಾದ. ಬೆಲ್ಲ ಹಾಕಿದ ರಾಗಿ ಮಣ್ಣಿಯೂ ಹಾಗೇ, ಬೆಲ್ಲ ಒಳ್ಳೆಯದಲ್ವಾ? ರಕ್ತಕ್ಕೆ ಇರಬಹುದು, ಹಲ್ಲಿನ ಬ್ಯಾಕ್ಟೀರಿಯಾಕ್ಕೆ ಓಲೆಬೆಲ್ಲವೂ ಒಂದೇ, ಚಾಕಲೇಟೂ ಒಂದೇ. ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಮುಖ್ಯ. ಒಂದೊಂದು ಸಲವೂ ಅರ್ಧ ಗಂಟೆ ಬಾಯಿ ಹುಳಿಯಾಗಿರುತ್ತದೆ. ಕೊನೆಗೆ ಒಪ್ಪಂದವಾಯಿತು: ದಿನದ ಕಲ್ಲುಸಕ್ಕರೆ ಎಲ್ಲ ಮಧ್ಯಾಹ್ನ ಊಟದ ಜೊತೆ ಒಂದೇ ಸಲ, ಉಳಿದ ಹೊತ್ತಿಗೆ ತೆಂಗಿನಕಾಯಿ ಚೂರು. ಒಪ್ಪಂದ ದಿನಾ ಪಾಲನೆಯಾಗುತ್ತದೆ ಅಂತ ನಾನು ಹೇಳಲಾರೆ. ಡಬ್ಬಿ ಈಗ ದೇವರ ಕೋಣೆಯಲ್ಲಿದೆ, ಅಲ್ಲಿಗೆ ನಾನು ತನಿಖೆಗೆ ಹೋಗುವುದಿಲ್ಲ.

ಮಳೆಗಾಲದ ಕೆಮ್ಮಿನ ಸಿರಪ್ ಕೂಡ ಸಿಹಿಯೇ ಅಂತ ಹೊಳೆದದ್ದು ತಡವಾಗಿ. ಬ್ರಷ್ ಮಾಡಿಸಿ ಮಲಗಿಸುವಾಗ ಎರಡು ಚಮಚ ಸಿರಪ್! ಈಗ ಮೊದಲು ಸಿರಪ್, ಆಮೇಲೆ ಬ್ರಷ್.

ಬ್ರಷ್ ಮಾಡಿಸುವುದು ಈಗ ನಾನು. ಬೆಳಗ್ಗೆ ಅವಳೇ ಮಾಡಿಕೊಳ್ಳಲಿ, ರಾತ್ರಿಯದ್ದು ನನ್ನದು. ಏಳೆಂಟು ವರ್ಷದವರೆಗೂ ಮಕ್ಕಳ ಕೈಗೆ ಆ ಹದ ಬರುವುದಿಲ್ಲವಂತೆ. ಚಾಪೆಯ ಮೇಲೆ ನಾನು ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ಅವಳು ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗುತ್ತಾಳೆ. ಮೇಲಿನಿಂದ ನೋಡಿದರೆ ಬಾಯಿ ಪೂರಾ ಕಾಣುತ್ತದೆ. ಎಡಗೈ ತೋರುಬೆರಳಿನಿಂದ ತುಟಿ ಎತ್ತಿ, ವಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ ಸಣ್ಣ ಸಣ್ಣ ಸುತ್ತು. ಮೇಲುತುಟಿಯ ನಡುವೆ ಒಂದು ನರದಂಥ ಪಟ್ಟಿ ಉಂಟಲ್ಲ, ಅದಕ್ಕೆ ಬ್ರಷ್ ತಾಗಿದರೆ ನೋವು. ಎಷ್ಟೋ ಮಕ್ಕಳು ಬ್ರಷ್ ಬೇಡ ಅನ್ನುವುದು ಅದಕ್ಕೇ ಇರಬಹುದು ಅಂತ ನನ್ನ ಗುಮಾನಿ. ಬೆರಳು ಅದರ ಮೇಲೆ ಅಡ್ಡ ಇಟ್ಟುಕೊಂಡರೆ ಗಲಾಟೆ ಅರ್ಧ ಕಡಿಮೆ. ಕ್ಯಾಪ್ ಹಾಕಿದ ಹಲ್ಲಿಗೂ ಬ್ರಷ್ ಬೇಕು, ಅದರ ಬುಡದಲ್ಲಿ ವಸಡು ಊದಿಕೊಳ್ಳುತ್ತದೆ. ಎರಡು ನಿಮಿಷ ಆಗುವವರೆಗೆ ಅವಳು ತುಳುವಿನಲ್ಲಿ ಎಣಿಸುತ್ತಾಳೆ, ಬಾಯಿ ತೆರೆದೇ, "ಒಂಜಿ" ಅನ್ನುವುದು "ಒಂಹಿ" ಆಗುತ್ತದೆ. ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಅಜ್ಜಿ ಕರೆದರೂ ಇಲ್ಲ.

ಆರು ತಿಂಗಳಿಗೊಮ್ಮೆ ಹೋಗಿ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ ಬರುತ್ತೇವೆ. ಹಿಂದಿನ ಸಲ ಹೋದಾಗ ಹೊಸ ಪಿಜಿ ಇದ್ದರು. ಹೊರಡುವಾಗ ಒಂದು ಮಾತು ಹೇಳಿದರು. ಆರು ವರ್ಷದ ಹೊತ್ತಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದೊಂದು ದವಡೆ ಹಲ್ಲು ಬರುತ್ತದೆ. ಏನೂ ಬಿದ್ದಿಲ್ಲವಲ್ಲ, ಹಾಗಾಗಿ ಇದೂ ಹಾಲುಹಲ್ಲೇ ಅಂತ ಜನ ಬಿಟ್ಟುಬಿಡುತ್ತಾರೆ. ಅದು ಕಾಯಂ ಹಲ್ಲು, ಸಾಯುವವರೆಗೆ ಅದೇ. ಪೂರ್ತಿ ಮೇಲೆ ಬಂದ ಕೂಡಲೇ ಅದರ ಮೇಲಿನ ಗೀರುಗಳನ್ನು ಮುಚ್ಚುವ ಸೀಲೆಂಟ್ ಅನ್ನುವ ಲೇಪ ಹಾಕಿಸಿ ಅಂದರು.

ಮೊನ್ನೆ ರಾತ್ರಿ ಕೆಳಗೆ ಎಡಗಡೆ ಬ್ರಷ್ ಹಿಂದಕ್ಕೆ ಹೋದಾಗ ಅವಳು "ಹಾ, ಅಲ್ಲಿ ನೋವು" ಅಂದಳು. ಟಾರ್ಚ್ ಹಾಕಿದೆ. ಕಿರೀಟದ ಹಲ್ಲು, ಅದರ ಹಿಂದಿನದ್ದು, ಅದರ ಹಿಂದೆ ವಸಡು ಉಬ್ಬಿ, ನಡುವಿನಲ್ಲಿ ಬೆಳ್ಳಗೆ ಒಂದು ಮೂಲೆ ಇಣುಕುತ್ತಿತ್ತು. ಅಮ್ಮ ಬಂದು ಬಗ್ಗಿ ನೋಡಿ, "ಎಂತ ಅದು, ಪುನಃ ಕುರುವಾ?" ಅಂದರು.

"ಅಲ್ಲಮ್ಮ. ಇದು ಬೀಳುವ ಹಲ್ಲಲ್ಲ" ಅಂದೆ. ಬರುವ ಗುರುವಾರಕ್ಕೆ ಚೀಟಿ ಮಾಡಿಸಬೇಕು. ರಜೆ ಅರ್ಜಿ ಕೊಟ್ಟಾಗಿದೆ.